ಮಿಕ್ಸಿಯ ತಳದಲ್ಲಿ ಬರೆದದ್ದು

ಬಿಳಿಚೋಡಿನ ಲಕ್ಷ್ಮಕ್ಕನ ಅನುಮಾನ ಎಂಥದ್ದು ಅಂತ ಊರಿಗೆಲ್ಲ ಗೊತ್ತು. ಸಂತೆಯಲ್ಲಿ ತೆಂಗಿನಕಾಯಿ ಕೊಳ್ಳುವಾಗ ಬೇರೆಯವರು ಒಂದು ಸಲ ಬಡಿದು ನೋಡಿದರೆ ಆಕೆ ನಾಲ್ಕು ಸಲ ಬಡಿಯುವಳು, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುವಳು, ಕೊನೆಗೆ ಪಕ್ಕದ ಅಂಗಡಿಯಲ್ಲಿ ಕೊಳ್ಳುವಳು. ಕಂಡಕ್ಟರು "ಜಗಳೂರು, ಜಗಳೂರು" ಎಂದು ಕೂಗಿದರೂ ಕಿಟಕಿಯಿಂದ ತಲೆ ಹೊರಗೆ ಹಾಕಿ, ತಾನೇ ನೋಡಿ, ಆಮೇಲೆ ಇಳಿಯುವಳು. ಗಂಡ ಗಾದ್ರಪ್ಪ ಇಪ್ಪತ್ತೈದು ವರ್ಷ ಇದನ್ನು ನೋಡಿ ನೋಡಿ, ಏನು ಹೇಳಿದರೂ ಕೊನೆಗೆ "ಬೇಕಾದ್ರೆ ನೀನೇ ನೋಡು" ಎಂದು ಸೇರಿಸುವುದನ್ನು ರೂಢಿ ಮಾಡಿಕೊಂಡಿದ್ದ. ಇಂಥ ಲಕ್ಷ್ಮಕ್ಕ ಒಂದು ಸಲ, ಅನುಮಾನ ಪಡಬೇಕಾದ ಕಡೆ ಪಡದೆ, ಪಡಬಾರದ ಕಡೆ ಪಟ್ಟು, ಮಗಳ ಮದುವೆಯನ್ನೇ ಮುರಿಯುವುದರಲ್ಲಿದ್ದಳು. ಆ ಕಥೆ ಕೇಳಿ.

ಅದು ಎಂಬತ್ತನಾಲ್ಕನೇ ಇಸವಿಯ ಬೇಸಿಗೆ. ಲಕ್ಷ್ಮಕ್ಕನ ತಮ್ಮ ಬೋರಣ್ಣ ಗಾರೆ ಕೆಲಸಕ್ಕೆಂದು ಸೌದಿಗೆ ಹೋಗಿ ಮೂರು ವರ್ಷವಾಗಿತ್ತು. ಅಕ್ಕ ಬಾವಿಕಟ್ಟೆಯಲ್ಲಿ ಜಾರಿಬಿದ್ದು ಬಲಭುಜ ಮುರಿದುಕೊಂಡ ಸುದ್ದಿ ಅವನಿಗೆ ಕಾಗದದಲ್ಲಿ ಹೋಗಿತ್ತು. ಮೂಳೆಯೇನೋ ಕೂಡಿತು, ನೋವು ಮಾತ್ರ ಹೋಗಲಿಲ್ಲ. ಒರಳಿನ ಮುಂದೆ ಕೂತು ಗುಂಡು ತಿರುಗಿಸಿದರೆ ಪ್ರಾಣ ಹೋದ ಹಾಗಾಗುತ್ತಿತ್ತು. ಅದನ್ನು ಕೇಳಿ ಬೋರಣ್ಣ ಅಲ್ಲೇ ಒಂದು ಮಿಕ್ಸಿ ಕೊಂಡು, ಎರಡು ತಿಂಗಳ ರಜೆಗೆ ಊರಿಗೆ ಹೊರಟಿದ್ದ ಗೆಳೆಯನ ಕೈಯಲ್ಲಿ ಕೊಟ್ಟು ಕಳಿಸಿದ. ಗೆಳೆಯನ ಹೆಸರು ಪಾಪಣ್ಣ. ನ್ಯಾಮತಿ ಕಡೆಯವನು, ಬೋರಣ್ಣ ಇದ್ದ ಕೂಲಿಕಾರರ ಕ್ಯಾಂಪಿನಲ್ಲೇ ಕಬ್ಬಿಣ ಕಟ್ಟುವ ಕೆಲಸ ಮಾಡುವವನು. ದೂರದ ನಂಟಿನಲ್ಲಿ ಲಕ್ಷ್ಮಕ್ಕ ಅವನಿಗೆ ಅತ್ತೆಯಾಗಬೇಕು. ಮಿಕ್ಸಿಯ ಜೊತೆ ಬೋರಣ್ಣ ಒಂದು ಕಾಗದವನ್ನೂ ಇಟ್ಟಿದ್ದ. "ಹುಡುಗ ಬಂಗಾರದಂಥವನು ಅಕ್ಕಾ, ನಮ್ಮ ಭೀಮಿಯನ್ನು ಕಣ್ಣು ಮುಚ್ಚಿಕೊಂಡು ಕೊಡಬಹುದು" ಎಂದು ಅದರಲ್ಲಿ ಬರೆದಿದ್ದ.

ಕಣ್ಣು ಮುಚ್ಚಿಕೊಂಡು ಕೊಡುವುದೆ? ಲಕ್ಷ್ಮಕ್ಕ ನಿದ್ದೆಯನ್ನೂ ಅರ್ಧ ಕಣ್ಣು ತೆರೆದೇ ಮಾಡುವವಳು! ಆದರೆ ಕಾಗದವನ್ನು ಓದಿ ಹೇಳಿದವಳು ಮಗಳು ಭೀಮಕ್ಕನೇ. ಆ ಸಾಲು ಬಂದಾಗ ಹುಡುಗಿಯ ದನಿ ಸಣ್ಣದಾಯಿತು, ಕಿವಿ ಕೆಂಪಾಯಿತು. ಹುಡುಗನೂ ಎದುರಿಗೆ ಕೂತು ಚಾ ಲೋಟದೊಳಗೆ ಏನೋ ಕಳೆದುಹೋದವನ ಹಾಗೆ ನೋಡುತ್ತಿದ್ದ. ಗಾದ್ರಪ್ಪನಿಗೆ ಹೊಟ್ಟೆಗೆ ಹಾಲು ಹೊಯ್ದಷ್ಟು ಸಂತೋಷ. "ಹುಡ್ಗ ಚಲೋ ಅದಾನೆ ಕಣೆ, ಬೇಕಾದ್ರೆ ನೀನೇ ನೋಡು" ಅಂದ.

ಲಕ್ಷ್ಮಕ್ಕ ಹುಡುಗನನ್ನು ಬಿಟ್ಟು ಮೊದಲು ಮಿಕ್ಸಿಯನ್ನು ನೋಡಿದಳು. ಡಬ್ಬದ ಮೇಲೆ ಇರುವೆ ಸಾಲಿನಂಥ ಅರಬ್ಬಿ ಅಕ್ಷರ. ವೈರಿನ ತುದಿಯಲ್ಲಿ ತಗಡಿನ ಚೂರಿನಂಥ ಎರಡು ಚಪ್ಪಟೆ ಕಡ್ಡಿ.

"ಇದೇನಪ್ಪಾ ಇದು? ಹೊನ್ನಾಳಿ ಡಾಕ್ಟ್ರ ಮನೇಲಿ ನಾನೂ ಮಿಕ್ಸಿ ನೋಡೀನಿ. ಅದ್ರ ಪಿನ್ನು ದುಂಡಗೆ ಇದ್ವು, ಮೂರಿದ್ವು."

"ಅಲ್ಲೆಲ್ಲ ಹಿಂಗೇ ಅತ್ತೆ," ಅಂದ ಪಾಪಣ್ಣ. ಜೇಬಿನಿಂದ ಬೆಂಕಿಪೊಟ್ಟಣದಷ್ಟು ದೊಡ್ಡದೊಂದು ಬಿಳಿ ಸಾಮಾನು ತೆಗೆದ. "ಬೊಂಬಾಯಾಗೆ ಇಳಿದಾಗ ಇದನ್ನ ತಗೊಂಡು ಬಂದೀನಿ. ಅಡಾಪ್ಟ್ರು ಅಂತಾರೆ. ಈ ಕಡೆ ಚಪ್ಪಟೆ ಪಿನ್ನು ತೂರಿಸಿ, ಆ ಕಡೆ ನಮ್ಮ ಗೋಡೆಗೆ ಸಿಕ್ಕಿಸಿದ್ರೆ ಮುಗೀತು."

ಸಿಕ್ಕಿಸಿದರೆ ಮುಗೀತು! ಆ ಮಾತನ್ನು ಹುಡುಗ ನಂಬಿಯೇ ಹೇಳಿದ್ದ, ಪಾಪ. ಅಡಾಪ್ಟರು ಮಾರಿದವನು ಅವನಿಗೆ ಹಾಗೇ ಹೇಳಿದ್ದ.

ಎಲ್ಲರೂ ಅತ್ತ ತಿರುಗಿದಾಗ ಲಕ್ಷ್ಮಕ್ಕ ಮಿಕ್ಸಿಯನ್ನು ಮಗುಚಿ ನೋಡಿದಳು. ತಳದ ತಗಡಿನಲ್ಲಿ ಯಾವುದೋ ಅಂಕಿಗಳಿದ್ದವು. ಅದರ ಪಕ್ಕ, ಕಪ್ಪು ಬಣ್ಣದ ಮೇಲೆ, ಮೊಳೆಯಿಂದ ಕೆರೆದ ಹಾಗೆ ಗೀರುಗಳು. ಆಕೆಗೆ ಓದು ಬಾರದು. ಹೊಸ ಮಿಕ್ಸಿಗೆ ಗೀರು ಎಲ್ಲಿಂದ ಬರಬೇಕು? ತಮ್ಮ ಕಳಿಸಿದ ಹೊಸದನ್ನು ಇವನು ತನ್ನ ಮನೆಯಲ್ಲಿಟ್ಟು, ಯಾರೋ ಬಳಸಿ ಬಿಟ್ಟದ್ದನ್ನು ನಮಗೆ ತಂದನೋ ಹೇಗೆ? ಆ ಅನುಮಾನವನ್ನು ಸೆರಗಿನ ಗಂಟಿನಲ್ಲಿ ಕಟ್ಟಿಟ್ಟುಕೊಂಡಂತೆ ಇಟ್ಟುಕೊಂಡಳು.

ಈಗ ಬಿಳಿಚೋಡಿನ ಕರೆಂಟಿನ ವಿಷಯ ಒಂದಿಷ್ಟು ಹೇಳಬೇಕು. ಊರು ಲೈನಿನ ತುದಿಯಲ್ಲಿತ್ತು. ಬೇಸಿಗೆಯಲ್ಲಿ ಹಗಲು ಕರೆಂಟು ಬರುವುದೇ ಅಪರೂಪ. ಸಂಜೆ ಬಂದ ಕೂಡಲೆ ದಾರಿಯುದ್ದಕ್ಕೂ ಬಾವಿಗಳ ಪಂಪ್‌ಸೆಟ್ಟುಗಳು ಒಂದೇ ಸಮನೆ ಶುರುವಾಗುತ್ತಿದ್ದವು. ಅವು ಕುಡಿದು ಮಿಕ್ಕಿದ್ದು ಊರಿಗೆ. ಬಲ್ಬು ಒಲೆಯಲ್ಲಿ ಮರೆತ ಕೆಂಡದ ಹಾಗೆ ಕೆಂಪಗೆ ಕೂತಿರುತ್ತಿತ್ತು. ಅದು ಉರಿಯುತ್ತಿದೆಯೋ ಇಲ್ಲವೋ ನೋಡಲು ಗಾದ್ರಪ್ಪ ಬುಡ್ಡಿದೀಪ ಹಿಡಿದು ಹತ್ತಿರ ಹೋಗುತ್ತಾನೆ ಎಂದು ಓಣಿಯವರು ನಗುತ್ತಿದ್ದರು.

ಅಂಥ ಸಂಜೆಯ ಕರೆಂಟಿನಲ್ಲಿ ಮಿಕ್ಸಿಯ ಮೊದಲ ಪರೀಕ್ಷೆ ನಡೆಯಿತು. ಅಡಾಪ್ಟರು ಗೋಡೆಯ ತೂತಿನಲ್ಲಿ ಸಡಿಲವಾಗಿತ್ತು. ಗಾದ್ರಪ್ಪ ಎರಡು ಬೆಂಕಿಕಡ್ಡಿ ಸಿಗಿದು ಸಂದಿಗೆ ಬಡಿದು ಬಿಗಿ ಮಾಡಿದ. ಸ್ವಿಚ್ ಹಾಕಿದರೆ, ಅಬ್ಬಾ! ಮಿಕ್ಸಿ ಹದವಾಗಿ ಗುರ್ ಎಂದು ತಿರುಗಿತು. ಕಡ್ಲೆ, ಕಾಯಿ, ಹಸಿಮೆಣಸು ಮೂರು ನಿಮಿಷದಲ್ಲಿ ಬೆಣ್ಣೆಯಂತಾದವು. ಲಕ್ಷ್ಮಕ್ಕ ಬೆರಳಲ್ಲಿ ತೆಗೆದು ನಾಲಿಗೆಗೆ ಹಚ್ಚಿಕೊಂಡಳು. ಭುಜ ಅಲ್ಲಾಡದೆ ಚಟ್ನಿಯಾದದ್ದು ಆರು ತಿಂಗಳಲ್ಲಿ ಅದೇ ಮೊದಲು. ಕಣ್ಣಲ್ಲಿ ನೀರು ಬಂತು. ಕಾರ ಜಾಸ್ತಿ ಅಂದುಬಿಟ್ಟಳು.

ಅಂದಿನಿಂದ ದಿನಾ ಸಂಜೆ ಮಿಕ್ಸಿ ಪೆಟ್ಟಿಗೆಯಿಂದ ಹೊರಗೆ ಬರುವುದು, ಕೆಲಸ ಮುಗಿಸಿ ಒಳಗೆ ಹೋಗುವುದು, ಪೆಟ್ಟಿಗೆಗೆ ಬೀಗ ಬೀಳುವುದು. ಮಗಳು ಜಾರು ತೊಳೆಯಬಹುದು. ಮಿಕ್ಸಿಯನ್ನು ಮಾತ್ರ ತಾಯಿಯ ಹೊರತು ಯಾರೂ ಎತ್ತಕೂಡದು. ಗೀರು ಕಂಡರೆ ಊರವರು ಏನಂದಾರು? ಲಕ್ಷ್ಮಕ್ಕನ ಸೌದಿ ಮಿಕ್ಸಿ ಸೆಕೆಂಡ್ ಹ್ಯಾಂಡು ಅಂತ ಆಡಿಕೊಳ್ಳುವುದಿಲ್ಲವೆ?

ಹತ್ತು ದಿನ ಹೀಗೆ ಸಾಗಿತು. ಅಷ್ಟರಲ್ಲಿ ನ್ಯಾಮತಿ ಕಡೆಯಿಂದ ಹಿರಿಯರು ಬಂದು ಮಾತಾಡಿ ಹೋದರು. ಮುಂದಿನ ಸೋಮವಾರ ಎಲೆ ಅಡಿಕೆ ಬದಲಾಯಿಸುವುದು ಎಂದು ಗೊತ್ತಾಯಿತು. ಭೀಮಕ್ಕ ನೆಲದ ಮೇಲೆ ಕಾಲಿಟ್ಟು ನಡೆಯುವುದನ್ನೇ ಮರೆತಳು.

ಒಂದು ಸಂಜೆ ಲೈನ್‌ಮನ್ ಮುರುಗೇಶಪ್ಪ ಪಕ್ಕದ ಮನೆಯ ಫ್ಯೂಜ್ ಹಾಕಿ ಹೋಗುತ್ತಿದ್ದವನು ಮಿಕ್ಸಿಯ ಸದ್ದಿಗೆ ನಿಂತ. ಒಳಗೆ ಇಣುಕಿ ನೋಡಿದ. ಚಪ್ಪಟೆ ಪಿನ್ನು, ಅಡಾಪ್ಟರು, ಬೆಂಕಿಕಡ್ಡಿ ಮೂರನ್ನೂ ಕಂಡು ಹುಬ್ಬು ಗಂಟಿಕ್ಕಿದ.

"ಲಕ್ಷ್ಮಕ್ಕಾ, ಇದು ಎಲ್ಲೀದು?"

"ಸೌದೀದು. ಯಾಕೆ?"

"ಹೊರದೇಶದ ಮಷೀನು ಹಂಗೆ ಸೀದಾ ಹಚ್ಚಬಾರ್ದ್ರಿ. ಒಂದೊಂದು ದೇಶದ ಕರೆಂಟಿನ ಜೋರು ಒಂದೊಂದು ಥರ ಇರ್ತೈತೆ. ಅದಕ್ಕೆ ವೋಲ್ಟೇಜು ಅಂತಾರೆ. ನಮ್ದು ಇನ್ನೂರಾ ಮೂವತ್ತು. ಸೌದಿಯಾಗೆ ಕೆಲವು ಊರಾಗೆ ಬರೀ ನೂರಾ ಹತ್ತು ಐತಂತೆ. ತಳ ಮಗುಚಿ ತೋರಿಸ್ರಿ, ಬರೆದಿರ್ತೈತೆ."

ತಳ ಎಂದ ಕೂಡಲೆ ಲಕ್ಷ್ಮಕ್ಕ ಮಿಕ್ಸಿಗೆ ಕೈ ಅಡ್ಡ ಇಟ್ಟಳು.

"ತಳ ಗಿಳ ಏನೂ ಬ್ಯಾಡ. ಹತ್ತು ದಿನದಿಂದ ಚಂದಾಗಿ ತಿರುಗಾಕೆ ಹತ್ತೈತೆ. ನೂರಾ ಹತ್ತಾದ್ರೆ ಇಷ್ಟೊತ್ತಿಗೆ ಸುಟ್ಟು ಹೋಗ್ಬೇಕಿತ್ತಲ್ಲ?"

"ಅದೇ ಮೋಸ ಅಕ್ಕಾ. ಸಂಜೆ ಹೊತ್ತು ಪಂಪ್‌ಸೆಟ್ಟು ಎಳೆದು ಎಳೆದು ನಿಮ್ಮನಿಗೆ ಬರೋದೇ ನೂರಾ ಇಪ್ಪತ್ತೋ ಮೂವತ್ತೋ. ಅದಕ್ಕೆ ಇದು ಸುಮ್ನೆ ಐತೆ. ಯಾವತ್ತು ಪಂಪು ನಿಲ್ತಾವೋ ಅವತ್ತು ಪೂರಾ ಕರೆಂಟು ನುಗ್ತೈತೆ. ಕರುವಿನ ಹೆಗಲಿಗೆ ಎತ್ತಿನ ನೊಗ ಇಟ್ಟಂಗೆ ಆಗ್ತೈತೆ ನೋಡ್ರಿ."

"ಈ ಅಡಾಪ್ಟ್ರು ಇರೋದು ಮತ್ಯಾತಕ್ಕೆ?"

"ಅದು ಪಿನ್ನಿನ ಆಕಾರ ಬದಲು ಮಾಡ್ತೈತೆ, ಅಷ್ಟೇ. ಕರೆಂಟಿನ ಜೋರು ಕಮ್ಮಿ ಮಾಡಾಕೆ ಬ್ಯಾರೆ ಪೆಟ್ಟಿಗೆ ಐತೆ, ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಅಂತ. ನಾಡಿದ್ದು ದಾವಣಗೆರೆಗೆ ಹೊಂಟೀನಿ. ಮಿಕ್ಸಿ ಕೊಡ್ರಿ, ತೋರಿಸಿ ಕೇಳ್ಕೊಂಡು ಬರ್ತೀನಿ."

ಕೊಡ್ರಿ! ಓಹೋ, ಈಗ ಬಂತು ನೋಡು ಒಳಗಿದ್ದದ್ದು ಹೊರಗೆ, ಅಂದುಕೊಂಡಳು ಲಕ್ಷ್ಮಕ್ಕ. ದಾವಣಗೆರೆಗೆ ಹೋದ ಮಿಕ್ಸಿ ತಿರುಗಿ ಬರುತ್ತದೆಯೆ? ಬಂದರೂ ಇದೇ ಬರುತ್ತದೆಯೆ?

"ನೀವು ಕಂಬ ನೋಡ್ಕೊಳ್ರಿ ಮುರುಗೇಶಪ್ಪ. ನಮ್ಮ ಮಿಕ್ಸಿ ನಾವು ನೋಡ್ಕೊಂತೀವಿ," ಎಂದು ಬೀಗ ಜಡಿದಳು.

ಮುರುಗೇಶಪ್ಪ ಮುನಿಸಿಕೊಳ್ಳಲಿಲ್ಲ. ಹೊಸ್ತಿಲು ದಾಟುವಾಗ ಭೀಮಕ್ಕನಿಗೆ, "ತಂಗೀ, ಬಲ್ಬು ಬೆಳ್ಳಗೆ ಉರಿಯೋ ಹೊತ್ತಿನಾಗೆ ಮಾತ್ರ ಇದನ್ನ ಹಚ್ಚಬ್ಯಾಡ," ಎಂದು ಹೇಳಿ ಹೋದ. ಭೀಮಕ್ಕನಿಗೆ ಆ ಮಾತು ತಲೆಯಲ್ಲಿ ಕೂತಿತು. "ಒಂದು ಸಲ ತೋರಿಸಿದ್ರೆ ಏನು ಹೋಗ್ತಿತ್ತವ್ವ?" ಅಂದಳು. "ಬಾಯ್ ಮುಚ್ಚು" ಅಂದಳು ತಾಯಿ.

ಭಾನುವಾರ ಸಂಜೆಯಿಂದ ಕೃತ್ತಿಕಾ ಮಳೆ ಹಿಡಿಯಿತು. ಬೆಳಗಾಗುವ ತನಕ ಬಿಡಲಿಲ್ಲ. ಹೊಲದ ಬದುಗಳಲ್ಲಿ ನೀರು ನಿಂತಿತು. ಸೋಮವಾರ ಬೆಳಿಗ್ಗೆ ಯಾವ ಬಾವಿಯ ಪಂಪೂ ಸದ್ದು ಮಾಡಲಿಲ್ಲ. ಮಳೆ ನೀರೇ ಇರುವಾಗ ಯಾರು ಹಚ್ಚುತ್ತಾರೆ? ಕರೆಂಟು ಮಾತ್ರ ಬೆಳಿಗ್ಗೆಯೇ ಬಂದಿತ್ತು.

ಬೀಗರು ಬರುವ ದಿನ. ಬೇಳೆ ಬೆಂದಿತ್ತು, ಬೆಲ್ಲ ಬೆರೆಸಿತ್ತು, ಹೋಳಿಗೆಗೆ ಹೂರಣ ರುಬ್ಬಬೇಕು. ಲಕ್ಷ್ಮಕ್ಕ ಪೆಟ್ಟಿಗೆಯಿಂದ ಮಿಕ್ಸಿ ತೆಗೆದಳು.

"ಅವ್ವಾ, ಈಗ ಬ್ಯಾಡ. ನಾನು ಒರಳಿನಾಗೆ ರುಬ್ತೀನಿ."

"ಎಲೆ ಅಡಿಕೆ ದಿನ ಹುಡುಗಿ ಕೈಗೆ ಗುಳ್ಳೆ ಬರಿಸ್ಕೊಂತಾಳಂತೆ! ಹಚ್ಚು ಅಂದ್ರೆ ಹಚ್ಚು."

ಭೀಮಕ್ಕ ಸ್ವಿಚ್ ಹಾಕಿದಳು. ಗುರ್ ಎನ್ನುತ್ತಿದ್ದ ಮಿಕ್ಸಿ ಅವತ್ತು ಕಿರ್ರ್ ಎಂದು ಕಿರುಚಿತು. ಅದರ ಮೈಯೆಲ್ಲ ನಡುಗಿತು. ಮುಚ್ಚಳ ಹಾರಿ ಹೂರಣ ಗೋಡೆಗೆ ರಾಚಿತು. ಸುಟ್ಟ ವಾಸನೆ, ಹಿಂದೆಯೇ ನೀಲಿ ಹೊಗೆ. ಹುಡುಗಿ ಗಾಬರಿಯಲ್ಲಿ ಅಡಾಪ್ಟರಿಗೆ ಕೈ ಹಾಕಿ ಎಳೆದಳು. ಬೆಂಕಿಕಡ್ಡಿ ಬಡಿದು ಬಿಗಿ ಮಾಡಿದ್ದು, ಬರಲಿಲ್ಲ. ಬಿಸಿಗೆ ಮೆತ್ತಗಾಗಿದ್ದ ಅದರ ಮೈ ಬೆರಳಿಗೆ ಅಂಟಿತು. ಗಾದ್ರಪ್ಪ ಓಡಿಬಂದು ಮೇನ್ ಆರಿಸಿದ. ಹುಡುಗಿಯ ಎರಡು ಬೆರಳಲ್ಲಿ ಗುಳ್ಳೆ ಎದ್ದಿತ್ತು. ತಾಯಿ ಯಾವುದು ಬೇಡ ಎಂದಿದ್ದಳೋ ಅದೇ ಆಯಿತು.

ಲಕ್ಷ್ಮಕ್ಕ ಮಗಳ ಕೈಯನ್ನು ನೀರಿನ ಕೊಡದಲ್ಲಿ ಅದ್ದಿ ಹಿಡಿದಳು. ಹೆದರಿಕೆಯಿಂದ ಶುರುವಾದದ್ದು ಸಿಟ್ಟಾಗಲು ತಡವಾಗಲಿಲ್ಲ.

"ನಂಗೆ ಅವತ್ತೇ ಗೊತ್ತಿತ್ತು! ತಳದ ತುಂಬ ಗೀರು! ನನ್ನ ತಮ್ಮ ಕಳಿಸಿದ್ದು ಅವ್ರ ಮನೇಲಿ ಐತೆ, ಈ ಹಳೇ ಕೊಳಕು ನಮ್ಮನಿಗೆ ಬಂದೈತೆ. ಇವನಿಗೆ ನನ್ನ ಮಗಳನ್ನ ಕೊಡಬೇಕಂತೆ!"

"ಅವ್ವಾ, ಪೂರಾ ಕರೆಂಟು ಬಂದೈತೆ ಅಷ್ಟೇ, ಮುರುಗೇಶಣ್ಣ ಹೇಳಿರ್ಲಿಲ್ವ..." ಎಂದು ಭೀಮಕ್ಕ ಅಳತೊಡಗಿದಳು. ಕೇಳುವವರು ಯಾರು?

ಸರಿಯಾಗಿ ಆ ಹೊತ್ತಿಗೆ ಬಾಗಿಲಲ್ಲಿ ಬೀಗರು. ಪಾಪಣ್ಣ, ಅವನ ತಾಯಿ ಶಂಕರಮ್ಮ, ಇಬ್ಬರು ಹಿರಿಯರು. ಕೋಳಿ ಕೂಗುವ ಮೊದಲೇ ಹೊರಟು ಹೊನ್ನಾಳಿ, ದಾವಣಗೆರೆ ಎಂದು ಬಸ್ಸು ಬದಲಿಸಿ, ಕೆಸರು ತುಳಿದು ಬಂದಿದ್ದರು. ಶಂಕರಮ್ಮನ ಕೈಯಲ್ಲಿ ಹೂವು, ಎಲೆ ಅಡಿಕೆಯ ತಟ್ಟೆ.

"ತಟ್ಟೆ ಕೆಳಗಿಡಬ್ಯಾಡ್ರಿ," ಅಂದಳು ಲಕ್ಷ್ಮಕ್ಕ. "ಮೊದ್ಲು ನಿಮ್ಮ ಮಗ ಹೇಳಲಿ, ನನ್ನ ತಮ್ಮ ಕೊಟ್ಟ ಮಿಕ್ಸಿ ಎಲ್ಲೈತೆ ಅಂತ."

ಪಾಪಣ್ಣ ಹೊಗೆಯಾಡುವ ಮಿಕ್ಸಿಯನ್ನೂ ಭೀಮಕ್ಕನ ಬೆರಳನ್ನೂ ನೋಡಿ ಬೆಪ್ಪಾದ. "ಅದೇ ಇದು ಅತ್ತೆ... ಅವನು ಕೊಟ್ಟಿದ್ದು ಇದೇ..."

"ಸುಳ್ಳು ಬೊಗಳಬ್ಯಾಡ!"

ಆ ಮಾತಿಗೆ ಶಂಕರಮ್ಮನ ಮುಖ ಕಪ್ಪಿಟ್ಟಿತು. "ನನ್ನ ಮಗ ಕಳ್ಳ ಅಂತೀಯೇನವ್ವ? ತಿಂಗಳುಗಟ್ಟಲೆ ಬಿಸಿಲಾಗೆ ಕಬ್ಬಿಣ ಹೊತ್ತು ದುಡಿಯೋನು ನಿನ್ನ ಚಟ್ನಿ ಮಷೀನಿಗೆ ಆಸೆ ಪಡ್ತಾನಾ? ಏಳ್ರಿ, ಎದ್ದೇಳ್ರಿ ಎಲ್ರೂ. ಇಂಥಾ ಅನುಮಾನದ ಮನೆ ಹೆಣ್ಣು ನಮಗೆ ಬ್ಯಾಡ. ಹನ್ನೊಂದಕ್ಕೆ ಬಸ್ಸೈತೆ."

ಹಿರಿಯರು ಹೆಗಲ ಮೇಲಿನ ಟವೆಲ್ಲು ಕೊಡವಿದರು. ಗಾದ್ರಪ್ಪ ಬಾಗಿಲಿಗೆ ಅಡ್ಡ ನಿಂತು ಕೈ ಮುಗಿದ. ಪಾಪಣ್ಣ ಅಲ್ಲಾಡಲಿಲ್ಲ. ಭೀಮಕ್ಕ ಇದ್ದಳೆ? ಇರಲಿಲ್ಲ. ಹಿತ್ತಲ ಬಾಗಿಲಿಂದ ಹೊರಬಿದ್ದು, ಹೊಸ ಸೀರೆ ಎತ್ತಿ ಹಿಡಿದು, ಕೆಸರಲ್ಲಿ ಓಡುತ್ತಿದ್ದಳು. ಮಳೆಯ ಮಾರನೆಯ ದಿನ ಮುರುಗೇಶಪ್ಪ ಟ್ರಾನ್ಸ್‌ಫಾರ್ಮರ್ ಕಂಬದ ಹತ್ತಿರ ಇದ್ದೇ ಇರುತ್ತಾನೆಂದು ಅವಳಿಗೆ ಗೊತ್ತಿತ್ತು. ಹತ್ತು ನಿಮಿಷದಲ್ಲಿ ಅವನನ್ನು ಹೆಚ್ಚು ಕಡಿಮೆ ಎಳೆದುಕೊಂಡೇ ಬಂದಳು.

"ಇವ್ನನ್ನ ಯಾಕೆ ಕರೆದೆ?" ಅಂದಳು ಲಕ್ಷ್ಮಕ್ಕ. "ಇವನೂ ಅವ್ರ ಕಡೆಯೋನೇ ಇರಬೇಕು."

"ನಾನು ಯಾರ ಕಡೆಯೋನೂ ಅಲ್ರಿ ಅಕ್ಕಾ, ಕಂಬದ ಕಡೆಯೋನು. ನನ್ನ ಮಾತು ನಂಬಬ್ಯಾಡ್ರಿ. ನಿಮ್ಮ ಕಣ್ಣು ನಂಬ್ರಿ."

ಮುರುಗೇಶಪ್ಪ ಮೊದಲು ಬೆಂಕಿಕಡ್ಡಿ ಕಿತ್ತು ಅಡಾಪ್ಟರನ್ನು ಹೊರಗೆಳೆದ. ಆಮೇಲೆ ಮೇನ್ ಹಾಕಿ ಗಾದ್ರಪ್ಪನಿಗೆ, "ಬಲ್ಬು ಹಚ್ಚಣ್ಣ" ಅಂದ.

ಗಾದ್ರಪ್ಪ ಸ್ವಿಚ್ ಒತ್ತಿದ. ಸಂಜೆ ಹೊತ್ತು ಕೆಂಡದಂತೆ ಕೂತಿರುತ್ತಿದ್ದ ಅದೇ ಬಲ್ಬು ಹಗಲು ಹೊತ್ತಿನಲ್ಲೂ ಕಣ್ಣು ಕುಕ್ಕುವಷ್ಟು ಬೆಳ್ಳಗೆ ಉರಿಯಿತು. ಮೂಲೆಯ ಜೇಡರ ಬಲೆ ಸಹ ಕಂಡಿತು. ಲಕ್ಷ್ಮಕ್ಕ ಕೈಯನ್ನು ಹಣೆಗೆ ಅಡ್ಡ ಹಿಡಿದಳು.

"ಬಲ್ಬು ಬದಲಾಯ್ಸೀರೇನ್ರಿ ಅಕ್ಕಾ?"

"ಇಲ್ಲ. ಯುಗಾದಿಗೆ ಹಾಕಿದ್ದು."

"ಬಲ್ಬು ಅದೇ, ವೈರು ಅದೇ. ಕರೆಂಟು ಮಾತ್ರ ಇವತ್ತು ಪೂರಾ ಬಂದೈತೆ, ಪಂಪು ನಿಂತಾವಲ್ಲ, ಅದಕ್ಕೆ. ಬಲ್ಬು ಇನ್ನೂರಾ ಮೂವತ್ತಕ್ಕೆ ಮಾಡಿದ್ದು, ತಡ್ಕೊಂತು. ಮಿಕ್ಸಿ ತಡ್ಕೊಳ್ಳಿಲ್ಲ." ಮಿಕ್ಸಿಯನ್ನು ಮಗುಚಿದ. ಲಕ್ಷ್ಮಕ್ಕ ಬೇಡ ಎನ್ನಲು ಬಾಯಿ ತೆರೆದಳು, ಬಲ್ಬಿನ ಕಡೆ ನೋಡಿ ಹಿಂದೆ ಸರಿದಳು. "ತಂಗೀ, ಓದು. ಏನೈತೆ?"

ಭೀಮಕ್ಕ ಬಗ್ಗಿ ಅಂಕಿ ಓದಿದಳು. "ಒಂದು, ಒಂದು, ಸೊನ್ನೆ. ನೂರಾ ಹತ್ತು."

ಶಂಕರಮ್ಮ ಬಾಗಿಲಲ್ಲೇ ನಿಂತು ಕೇಳುತ್ತಿದ್ದಳು. ಪಾಪಣ್ಣ ಮಾತ್ರ ತನ್ನ ತಲೆಗೆ ತಾನೇ ಹೊಡೆದುಕೊಂಡ.

"ಹಂಗಾದ್ರೆ ನನ್ನ ಇಸ್ತ್ರಿಪೆಟ್ಟಿಗೆ!"

"ಯಾವ ಇಸ್ತ್ರಿಪೆಟ್ಟಿಗೆ?"

"ಹೋದ ಸಲ ಹೋಗಾಕೆ ಮುಂಚೆ ಹೊನ್ನಾಳಿಯಾಗೆ ಹೊಸಾದು ತಗೊಂಡು ಹೋಗಿದ್ದೆ ಅಣ್ಣ. ಅಲ್ಲಿ ಹಚ್ಚಿದ್ರೆ ಬಿಸೀನೇ ಆಗ್ಲಿಲ್ಲ. ಅಂಗಡಿಯೋನು ಕೆಟ್ಟದ್ದು ಕೊಟ್ಟು ಮೋಸ ಮಾಡ್ಯಾನೆ ಅಂತ ಅವ್ವಗೆ ಕಾಗದ ಬರೆದೆ."

"ಹೆಂಗೆ ಬಿಸಿಯಾಗ್ತೈತೆ? ಇನ್ನೂರಾ ಮೂವತ್ತಕ್ಕೆ ಮಾಡಿದ್ದು ನೂರಾ ಹತ್ತಿಗೆ ಹಚ್ಚಿದ್ರೆ ಕಾಲು ಭಾಗದಷ್ಟೂ ಕಾವು ಹುಟ್ಟಲ್ಲ. ಪೆಟ್ಟಿಗೇನೂ ಚಲೋದೇ, ಅಂಗಡಿಯೋನೂ ಚಲೋನೇ."

"ಅಯ್ಯೋ ಶಿವನೇ!" ಎಂದು ಶಂಕರಮ್ಮ ತಟ್ಟೆ ಸಮೇತ ಅಲ್ಲೇ ಕೂತಳು. "ನಾನು ಆ ಅಂಗಡಿ ಮುಂದೆ ನಿಂತು, ಸಂತೆ ಜನದ ಎದುರಿಗೆ, ಅವನ ಮರ್ಯಾದಿ ತೆಗೆದು ಬಂದೀನಲ್ಲೋ! ಪಾಪ, ಅವನು ಬಡ್ಕೊಂಡ ಬಡ್ಕೊಂಡ, ನಾನು ಕೇಳಲೇ ಇಲ್ಲ. ವರ್ಷದಿಂದ ಆ ಬೀದಿಗೆ ಕಾಲಿಡದಂಗೆ ಸುತ್ತಿ ಹೋಗ್ತೀನಿ!"

ಒಬ್ಬ ಹಿರಿಯನಿಗೆ ನಗು ತಡೆಯಲಾಗಲಿಲ್ಲ. ಲಕ್ಷ್ಮಕ್ಕನಿಗೆ ಮಾತ್ರ ನಗು ಬರಲಿಲ್ಲ. ಬೀದಿಯಲ್ಲಿ ನಿಂತು ತಪ್ಪಿಲ್ಲದವನನ್ನು ಬೈಯುವ ಆ ಹೆಂಗಸಿನ ಜಾಗದಲ್ಲಿ ಆಕೆ ತನ್ನನ್ನೇ ಕಂಡಳು. ಆದರೂ ಒಳಗಿನ ಮುಳ್ಳು ಪೂರಾ ಬಿಡಲಿಲ್ಲ. ದನಿ ತಗ್ಗಿಸಿ ಕೇಳಿದಳು.

"ಎಲ್ಲಾ ಸರಿ. ಆ ಗೀರು? ಹೊಸಾದಾದ್ರೆ ಗೀರು ಯಾಕೆ?"

ಮುರುಗೇಶಪ್ಪ ಬೆರಳಿಗೆ ಎಂಜಲು ಹಚ್ಚಿ ತಳದ ಮಸಿ ಒರೆಸಿದ. "ಇದು ಗೀರಲ್ಲಕ್ಕಾ. ಬರವಣಿಗೆ."

ಭೀಮಕ್ಕ ಇನ್ನೂ ಹತ್ತಿರ ಬಗ್ಗಿದಳು. ಮೊಳೆಯಿಂದ ಕೆತ್ತಿದ ಸೊಟ್ಟಪಟ್ಟ ಅಕ್ಷರಗಳನ್ನು ಒಂದೊಂದಾಗಿ ಓದಿದಳು. "ಲಕ್ಷ್ಮಕ್ಕ. ಬಿಳಿಚೋಡು. ಬೋರ."

"ಕ್ಯಾಂಪಿನಾಗೆ ಐವತ್ತು ಜನ ಒಂದೇ ಕಡೆ ಇರ್ತೀವಲ್ಲತ್ತೆ," ಅಂದ ಪಾಪಣ್ಣ ಮೆಲ್ಲಗೆ. "ಊರಿಗೆ ಹೋಗೋ ಸಾಮಾನು ಒಂದಕ್ಕೊಂದು ಅದಲು ಬದಲು ಆಗ್ಬಾರ್ದು ಅಂತ ಎಲ್ರೂ ಹೆಸರು ಕೆತ್ತಿರ್ತಾರೆ. ಬೋರಣ್ಣ ಊಟ ಬಿಟ್ಟು ಕೂತು ಕೆತ್ತಿದ. ಅಕ್ಕಂದು ಬ್ಯಾರೆ ಯಾರಿಗೂ ಹೋಗ್ಬಾರ್ದು ಅಂದ."

ಲಕ್ಷ್ಮಕ್ಕ ಮಿಕ್ಸಿಯ ಪಕ್ಕ ನೆಲದ ಮೇಲೆ ಕೂತಳು. ಹತ್ತು ದಿನ ಬೀಗ ಹಾಕಿ ಬಚ್ಚಿಟ್ಟದ್ದು ತಮ್ಮನ ಕೈಬರಹವನ್ನು. ಆ ತಳದಲ್ಲೇ ಒಂದು ಕಡೆ ಎಚ್ಚರಿಕೆ ಇತ್ತು, ಇನ್ನೊಂದು ಕಡೆ ಅಕ್ಕರೆ ಇತ್ತು. ಎರಡನ್ನೂ ಓದಿಸಲಿಲ್ಲ, ಓದುತ್ತೇನೆಂದು ಬಂದವನನ್ನೂ ಓಡಿಸಿದಳು. ಸುಟ್ಟ ಮಿಕ್ಸಿಯ ತಳವನ್ನು ಬೆರಳಿಂದ ಸವರುತ್ತಾ ಬಿಕ್ಕಿ ಬಿಕ್ಕಿ ಅತ್ತಳು. ಈ ಸಲ ಕಾರ ಜಾಸ್ತಿ ಅನ್ನಲಿಲ್ಲ.

"ತಪ್ಪು ನಂದೂ ಐತೆ ಅತ್ತೆ," ಅಂದ ಪಾಪಣ್ಣ. "ಸಿಕ್ಕಿಸಿದ್ರೆ ಮುಗೀತು ಅಂದೋನು ನಾನೇ. ಮಾರಿದೋನು ಹೇಳಿದ, ನಾನು ಕೇಳಿದೆ. ವೋಲ್ಟೇಜು ಎಷ್ಟು ಅಂತ ಒಂದು ಮಾತು ಕೇಳಿದ್ರೆ ಭೀಮಕ್ಕನ ಬೆರಳು ಸುಡ್ತಿರ್ಲಿಲ್ಲ."

ಲಕ್ಷ್ಮಕ್ಕ ಎದ್ದಳು. ಸೆರಗಿನಿಂದ ಮುಖ ಒರೆಸಿಕೊಂಡಳು. ಶಂಕರಮ್ಮನ ಮುಂದೆ ಹೋಗಿ, ಆಕೆಯ ಮಡಿಲಲ್ಲಿದ್ದ ತಟ್ಟೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡಳು. ಬಲಭುಜ ನೋಯಿತು. ಇಳಿಸಲಿಲ್ಲ.

"ನಿನ್ನ ಮಗನ್ನ ಕಳ್ಳ ಅಂದ ಬಾಯಿಗೆ ಹುಳ ಬೀಳಲಿ ಬೀಗಿತ್ತಿ. ಹನ್ನೊಂದರ ಬಸ್ಸು ಹೋಗಲಿ ಬಿಡು. ಹೂರಣ ಗೋಡೆಗೆ ಹೋತು, ಇನ್ನೊಂದು ಸಲ ಬೇಯಿಸ್ತೀನಿ."

ಶಂಕರಮ್ಮ ಒಂದು ಗಳಿಗೆ ಬಿಗುಮಾನ ಹಿಡಿದು ಕೂತಳು. ಆಮೇಲೆ, "ನಾನೇ ರುಬ್ತೀನಿ ಬಾ, ಒರಳು ಎಲ್ಲೈತೆ?" ಅಂದಳು. ಇಬ್ಬರೂ ಒಂದೇ ಜಾತಿ ಅನುಮಾನದವರು ಎಂಬುದು ಇಬ್ಬರಿಗೂ ತಿಳಿದುಹೋಗಿತ್ತು. ಭೀಮಕ್ಕ ಬೆರಳಿಗೆ ಬಟ್ಟೆ ಸುತ್ತಿಕೊಂಡೇ ಎಲೆ ಅಡಿಕೆ ಹಿಡಿದಳು. ಪಾಪಣ್ಣ ಆ ಬಟ್ಟೆಯನ್ನೇ ನೋಡುತ್ತಿದ್ದ.

ಮಿಕ್ಸಿ ಕೊನೆಗೂ ದಾವಣಗೆರೆಗೆ ಹೋಯಿತು, ಮುರುಗೇಶಪ್ಪನ ಕೈಯಲ್ಲೇ ಹೋಯಿತು. ಪಂಪ್‌ಸೆಟ್ಟಿನ ಮೋಟಾರಿಗೆ ಹೊಸ ತಂತಿ ಸುತ್ತುವ ಅಂಗಡಿಯವರು ಅದಕ್ಕೂ ನಮ್ಮ ಇನ್ನೂರಾ ಮೂವತ್ತಕ್ಕೆ ಹೊಂದುವಂತೆ ಸುತ್ತಿ ಕೊಟ್ಟರು. ಚಪ್ಪಟೆ ಪಿನ್ನು ಹೋಗಿ ಮೂರು ದುಂಡು ಪಿನ್ನು ಬಂದವು. ವಾಪಸು ಬಂದ ದಿನ ಲಕ್ಷ್ಮಕ್ಕ ಮೊದಲು ಅದನ್ನು ಮಗುಚಿ ನೋಡಿದಳು. ತಮ್ಮನ ಅಕ್ಷರ ಇದ್ದಲ್ಲೇ ಇತ್ತು. ಬೋರಣ್ಣನಿಗೆ ಭೀಮಕ್ಕನ ಕೈಯಲ್ಲಿ ಕಾಗದ ಬರೆಸಿದಳು. ಶಂಕರಮ್ಮ ಹೊನ್ನಾಳಿಯ ಆ ಅಂಗಡಿಗೆ ಲಗ್ನಪತ್ರಿಕೆ ತೆಗೆದುಕೊಂಡು ಹೋದಳಂತೆ. ಆಕೆಯನ್ನು ಕಂಡು ಅಂಗಡಿಯವನು ಮೊದಲು ಬಾಗಿಲು ಹಾಕಿಕೊಳ್ಳಲು ಹೋದನಂತೆ.

ಲಕ್ಷ್ಮಕ್ಕನ ಅನುಮಾನ ಹೋಯಿತೆ ಅಂತ ಕೇಳುತ್ತೀರಾ? ಎಲ್ಲಿ ಹೋಗುತ್ತದೆ! ಈಗಲೂ ತೆಂಗಿನಕಾಯಿ ನಾಲ್ಕು ಸಲ ಬಡಿಯುತ್ತಾಳೆ. ಆದರೆ ಹೊರದೇಶದಿಂದ ಯಾರಾದರೂ ರೇಡಿಯೋ, ಟೇಪ್‌ರೆಕಾರ್ಡರು, ಇಸ್ತ್ರಿಪೆಟ್ಟಿಗೆ ತಂದರೆಂದರೆ ಆಕೆ ಅಲ್ಲಿ ಹಾಜರು. ತಂದವನ ಮುಖ ನೋಡುವುದಿಲ್ಲ. "ತಳ ಮಗುಚು, ಎಷ್ಟೈತೆ ಓದು" ಅನ್ನುತ್ತಾಳೆ.

ಬಂಧುಗಳೇ, ಅಕ್ಕತಂಗಿಯರೇ, ನಿಮ್ಮ ಮನೆಗೂ ದೂರದ ದೇಶದಿಂದ ಪ್ರೀತಿಯ ಸಾಮಾನು ಬರಬಹುದು, ನಿಮ್ಮ ಮನೆಯಿಂದಲೂ ಯಾರಾದರೂ ಹೋಗುವಾಗ ಸಾಮಾನು ಒಯ್ಯಬಹುದು. ಪಿನ್ನು ಹೊಂದಿತು ಎಂದ ಮಾತ್ರಕ್ಕೆ ಕರೆಂಟು ಹೊಂದಿತು ಎಂದುಕೊಳ್ಳಬೇಡಿ. ಅಡಾಪ್ಟರು ಪಿನ್ನಿನ ಆಕಾರವನ್ನಷ್ಟೇ ಬದಲಾಯಿಸುತ್ತದೆ. ತಳದಲ್ಲೋ ಬೆನ್ನಲ್ಲೋ ಬರೆದಿರುವ ವೋಲ್ಟೇಜನ್ನು ಓದಿ, ಓದು ಬಾರದಿದ್ದರೆ ಬಲ್ಲವರಿಂದ ಓದಿಸಿ. ಕೆಲವು ರೇಡಿಯೋಗಳ ಹಿಂದೆ ವೋಲ್ಟೇಜು ಬದಲಿಸುವ ಸಣ್ಣ ಸ್ವಿಚ್ಚು ಇರುತ್ತದೆ, ಅದನ್ನು ನಮ್ಮ ಇನ್ನೂರಾ ಮೂವತ್ತಕ್ಕೆ ಹತ್ತಿರವಿರುವ ಇನ್ನೂರಿಪ್ಪತ್ತು ಇಲ್ಲವೆ ಇನ್ನೂರಾ ನಲವತ್ತರ ಕಡೆ ತಿರುಗಿಸಿ ಆಮೇಲೆ ಹಚ್ಚಿ. ಬರೀ ನೂರಾ ಹತ್ತು ಎಂದಿದ್ದರೆ, ಆ ಯಂತ್ರ ಎಳೆಯುವಷ್ಟು ವ್ಯಾಟು ತಡೆದುಕೊಳ್ಳುವ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಇಲ್ಲದೆ ಗೋಡೆಗೆ ಸಿಕ್ಕಿಸಲೇಬೇಡಿ. ಸಂಜೆಯ ಮಂಕು ಕರೆಂಟಿನಲ್ಲಿ ಓಡಿತೆಂದು ನಂಬಿ ಕೂರಬೇಡಿ. ಸಾಕೆಟ್ಟಿಗೆ ಬೆಂಕಿಕಡ್ಡಿ ಬಡಿಯುವ ಅಭ್ಯಾಸವನ್ನು ಇವತ್ತೇ ಬಿಡಿ.

ಅನುಮಾನ ಪಡಿ, ಬೇಡ ಅನ್ನುವುದಿಲ್ಲ. ಆದರೆ ತಂದುಕೊಟ್ಟ ಮನುಷ್ಯನನ್ನು ಅನುಮಾನಿಸುವ ಮೊದಲು ಅವನು ತಂದದ್ದನ್ನು ಒಂದು ಸಲ ಮಗುಚಿ ನೋಡಿ. ನೀವು ತಿಳಿಯಬೇಕಾದದ್ದು ಅಲ್ಲೇ ಬರೆದಿರುತ್ತದೆ.